ವಾಗ್ದಾನದ ಕಾರ್ಡಿನ ಆಚೆಗಿನ ಓದು



ಹೊಸ ವರ್ಷದ ಆರಾಧನೆಯಲ್ಲಿ ಒಬ್ಬೊಬ್ಬರೂ ಒಂದೊಂದು ವಾಗ್ದಾನದ ಕಾರ್ಡು ಎತ್ತಿಕೊಳ್ಳುವ ರೂಢಿ ನಮ್ಮ ಎಷ್ಟೋ ಸಭೆಗಳಲ್ಲಿದೆ. ಗೋಡೆಗೆ ವಚನದ ಕ್ಯಾಲೆಂಡರು, ದಿಂಬಿನ ಪಕ್ಕ ದಿನಕ್ಕೊಂದು ಪುಟದ ಧ್ಯಾನದ ಪುಸ್ತಕ. ಇವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕಾಯಿಲೆ ಬಿದ್ದವರಿಗೆ ಒಂದು ಸಾಲಿಗಿಂತ ಹೆಚ್ಚು ಓದುವ ತ್ರಾಣ ಇರುವುದಿಲ್ಲ. ಆದರೆ ತ್ರಾಣ ಇದ್ದವರೂ ಆ ಒಂದು ಸಾಲಿಗೇ ನಿಂತುಬಿಟ್ಟರೆ ನಷ್ಟ ದೊಡ್ಡದು. ಧೈರ್ಯ ಇರುವುದು ಆ ಸಾಲಿನ ಹಿಂದುಮುಂದಿನಲ್ಲಿ.

ಯೆರೆಮೀಯನ ಗ್ರಂಥದ 29ನೆಯ ಅಧ್ಯಾಯ ನೋಡಿ. ಅಲ್ಲಿಯ 11ನೆಯ ವಚನ ಒಳ್ಳೆಯ ದಿನಗಳ ಭರವಸೆ ಕೊಡುತ್ತದೆ; ಕಾರ್ಡುಗಳ ಮೇಲೆ ಅದಕ್ಕಿಂತ ಹೆಚ್ಚು ಕಾಣುವ ಮಾತು ಬಹುಶಃ ಇಲ್ಲ. ಅದು ಯೆರೂಸಲೇಮಿನಿಂದ ಬಾಬಿಲೋನಿಗೆ ಸೆರೆಯಾಗಿ ಹೋದವರಿಗೆ ಬರೆದ ಕಾಗದದ ಸಾಲು. ಅದರ ಮೇಲಿನ ವಚನದಲ್ಲೇ ಗಡುವು ಇದೆ: 70 ವರ್ಷ. ಅಲ್ಲಿಯವರೆಗೆ ಮನೆ ಕಟ್ಟಿಕೊಳ್ಳಿ, ತೋಟ ಹಾಕಿ, ಮಕ್ಕಳ ಮದುವೆ ಮಾಡಿ, ಇರುವ ಊರಿಗೆ ಒಳಿತು ಬೇಡಿ ಎಂದು ಪ್ರವಾದಿ ಹೇಳುತ್ತಾನೆ. ಆ ಕಾಗದ ಕೇಳಿದ ಮುದುಕರು ಊರಿಗೆ ಮರಳುವ ದಿನ ನೋಡುವವರಲ್ಲ. ಆದರೂ ಮಾತು ಅವರಿಗೇ ಬಂದದ್ದು. ಇಷ್ಟು ತಿಳಿದು ಓದಿದರೆ, ನಾಳೆಯೇ ಸಾಲ ತೀರಲಿಲ್ಲವೆಂದು ದೇವರು ಕೈಬಿಟ್ಟನೆಂಬ ಕೊರಗು ಹುಟ್ಟುವುದಿಲ್ಲ.

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ 2024ರ ಮಾರ್ಚ್ 11ರಂದು ನಡೆದದ್ದು ನಿಮಗೆ ಗೊತ್ತಿದೆ. ದರ ಕುಸಿಯಿತು, ರೈತರ ಸಿಟ್ಟು ಕಟ್ಟೆಯೊಡೆಯಿತು, ಎಪಿಎಂಸಿ ಕಚೇರಿಗೆ ಬೆಂಕಿ ಬಿತ್ತು. ಚೀಲ ಹೊತ್ತು ತಂದವನು ಆ ರಾತ್ರಿ ಮನೆಗೆ ಹೋಗಿ ಏನು ಓದಬೇಕು? ನಂಬಿದವನಿಗೆ ಸಿರಿ ತಾನಾಗಿ ಬರುತ್ತದೆ ಎನ್ನುವ ಪುಸ್ತಕ ಅವನನ್ನು ಇನ್ನಷ್ಟು ನೋಯಿಸೀತು. ಅವನ ಕೈಗೆ ನಾನು ಕೊಡುವುದು ಹಬಕ್ಕೂಕನ ಗ್ರಂಥವನ್ನು. ಆ ಪ್ರವಾದಿ ಶುರುಮಾಡುವುದೇ ದೂರಿನಿಂದ: ಅನ್ಯಾಯ ಕಣ್ಣೆದುರಿಗಿದೆ, ಕೂಗಿದರೂ ನೀನು ಏಕೆ ಕೇಳುತ್ತಿಲ್ಲ ಎಂದು ದೇವರನ್ನೇ ಕೇಳುತ್ತಾನೆ. ಅಂಜೂರ ಚಿಗುರದಿದ್ದರೂ, ಹೊಲ ಬೆಳೆ ಕೊಡದಿದ್ದರೂ, ಹಟ್ಟಿ ಬರಿದಾದರೂ ದೇವರಲ್ಲಿ ಹಿಗ್ಗುವೆನೆಂಬ ಅವನ ಪ್ರಾರ್ಥನೆ ಬರುವುದು ಕೊನೆಗೆ. 88ನೆಯ ಕೀರ್ತನೆಗಂತೂ ಅಂಥ ಕೊನೆಯೂ ಇಲ್ಲ, ಅದು ಕತ್ತಲೆಯಲ್ಲೇ ಮುಗಿಯುತ್ತದೆ. ಆದರೂ ಅದನ್ನು ಪವಿತ್ರ ಗ್ರಂಥದಿಂದ ಯಾರೂ ತೆಗೆದುಹಾಕಲಿಲ್ಲ. ಅಳುವವರಿಗೆ ಅಲ್ಲಿ ಜಾಗ ಇದೆ.

ಇಂಗ್ಲೆಂಡಿನ ಜಾನ್ ಬನ್ಯನ್ ತನ್ನ ನಂಬಿಕೆಯಂತೆ ಬೋಧಿಸಿದ್ದಕ್ಕಾಗಿ ಸುಮಾರು 12 ವರ್ಷ ಸೆರೆಯಲ್ಲಿದ್ದ. 1678ರಲ್ಲಿ ಅಚ್ಚಾದ ಅವನ ಯಾತ್ರಿಕನ ಕಥೆಯನ್ನು ಬಾಸೆಲ್ ಮಿಶನ್ನಿನವರು 1840ರ ದಶಕದಲ್ಲೇ ‘ಯಾತ್ರಿಕನ ಸಂಚಾರ’ ಎಂದು ಕನ್ನಡಕ್ಕೆ ತಂದರು. ಅದರಲ್ಲಿ ನಿರಾಶೆಯೆಂಬ ರಾಕ್ಷಸ ಯಾತ್ರಿಕರಿಬ್ಬರನ್ನು ನೆಲಮಾಳಿಗೆಯಲ್ಲಿ ಕೂಡಿಹಾಕಿ, ಚಾಕು, ಹಗ್ಗ, ವಿಷ ಯಾವುದರಿಂದಲಾದರೂ ಜೀವ ಕಳೆದುಕೊಳ್ಳಿರೆಂದು ಪುಸಲಾಯಿಸುತ್ತಾನೆ. ರೈತರ ಆತ್ಮಹತ್ಯೆಯ ಸುದ್ದಿ ಕೇಳಿ ಬಲ್ಲ ಈ ಸೀಮೆಯವರು ಆ ಪುಟವನ್ನು ಓದಲೇಬೇಕು. ಒಬ್ಬನಿಗೆ ಸಾಯುವುದೇ ಲೇಸೆನಿಸುತ್ತದೆ. ಜೊತೆಗಾರ ತಡೆಯುತ್ತಾನೆ, ದಾರಿಯುದ್ದಕ್ಕೂ ಗೆದ್ದು ಬಂದದ್ದನ್ನು ನೆನಪಿಸುತ್ತಾನೆ. ದಿನಗಳು ಕಳೆದ ಮೇಲೆ ಎದೆಯಲ್ಲೇ ಇಟ್ಟುಕೊಂಡಿದ್ದ ಕೀಲಿಕೈ ನೆನಪಾಗಿ ಬಾಗಿಲು ತೆರೆಯುತ್ತದೆ. ಆ ಕೀಲಿಕೈಯ ಹೆಸರು ವಾಗ್ದಾನ. ಅದು ನೆನಪಾಗುವ ತನಕ ಜೀವ ಹಿಡಿದು ನಿಲ್ಲಿಸಿದ್ದು ಜೊತೆಗಾರನ ಮಾತು.

ಜೊತೆಗಾರರನ್ನು ಸಭೆಯ ಒಳಗೆ ಮಾತ್ರ ಹುಡುಕಬೇಕಾಗಿಲ್ಲ. 1881ರಲ್ಲಿ ಧಾರವಾಡದಲ್ಲಿ ಹುಟ್ಟಿದ ಉತ್ತಂಗಿ ಚನ್ನಪ್ಪನವರು ಬಾಸೆಲ್ ಮಿಶನ್ನಿನ ಪಾದ್ರಿಗಳು. ನಮ್ಮ ಮಾಸೂರು, ಅಬಲೂರಿನವರು ತಮ್ಮವನೆನ್ನುವ ಸರ್ವಜ್ಞನ ತ್ರಿಪದಿಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದವರು ಅವರೇ. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಕ್ರಿಸ್ತನ ಮೇಲಿನ ಭಕ್ತಿ ಅವರನ್ನು ಸರ್ವಜ್ಞನಿಂದ, ಶರಣರಿಂದ ದೂರ ಇಡಲಿಲ್ಲ. ರಾಣೇಬೆನ್ನೂರು ತಾಲ್ಲೂಕಿನ ಚೌಡದಾನಪುರ ಶರಣ ಅಂಬಿಗರ ಚೌಡಯ್ಯನ ಊರು. ಡಂಭದ ಭಕ್ತಿಯನ್ನು ಮುಖಕ್ಕೆ ಹೊಡೆದಂತೆ ಬೈದ ಅವನ ವಚನಗಳನ್ನು ಪ್ರವಾದಿ ಆಮೋಸನ ಗ್ರಂಥದ ಪಕ್ಕದಲ್ಲಿಟ್ಟು ಓದಿ. ನಮ್ಮ ನೆಲದ ಕ್ರೈಸ್ತ ಓದುಗನಿಗೆ ಸಿಕ್ಕಿರುವ ಈ ಭಾಗ್ಯ ಬನ್ಯನ್‌ಗೂ ಇರಲಿಲ್ಲ.

ಹಬಕ್ಕೂಕನದು ಮೂರೇ ಅಧ್ಯಾಯ, ಗಟ್ಟಿಯಾಗಿ ಓದಿದರೂ ಅರ್ಧ ಗಂಟೆ ಹಿಡಿಯದು. ಈ ಭಾನುವಾರ ಊಟವಾದ ಮೇಲೆ ಮನೆಯ ಮಗಳೋ ಮೊಮ್ಮಗನೋ ಓದಲಿ, ಕಣ್ಣು ಮಂಜಾದ ಅಜ್ಜ, ಅಜ್ಜಿ ಕೇಳಲಿ. ಮೊದಲ ಅಧ್ಯಾಯದ ದೂರನ್ನು ಬಿಟ್ಟು ಮೂರನೆಯದಕ್ಕೆ ಹಾರಬೇಡಿ.