ಕೋವಿ: ಹಕ್ಕೋ, ಸರ್ಕಾರದ ಕೃಪೆಯೋ?

(ರೈತರ ಸಭೆಯೊಂದರಲ್ಲಿ ಆಡಿದ ಮಾತುಗಳು)



ಮನೆಯಲ್ಲಿ ಕೋವಿ ಇಟ್ಟುಕೊಳ್ಳೋದು ಸಂವಿಧಾನ ಕೊಟ್ಟ ಹಕ್ಕಲ್ವಾ ಅಂತ ನಮ್ಮ ಹುಡುಗರು ಕೇಳ್ತಾರೆ. ಅಮೆರಿಕದಲ್ಲಿ ಹೌದು. 1791ರಲ್ಲೇ ಅಲ್ಲಿ ಅದು ಸಂವಿಧಾನಕ್ಕೆ ಸೇರಿತು. ಆತ್ಮರಕ್ಷಣೆಗೆ ಮನೆಯಲ್ಲಿ ಬಂದೂಕು ಇಡುವುದು ಪ್ರಜೆಯ ಹಕ್ಕು ಎಂದು ಅಲ್ಲಿನ ಸುಪ್ರೀಂ ಕೋರ್ಟು 2008ರಲ್ಲಿ ತೀರ್ಪು ಕೊಟ್ಟಿತು. ನಮ್ಮಲ್ಲಿ ಹಾಗಿಲ್ಲ. ಇಲ್ಲದ್ದನ್ನು ಇದೆ ಎಂದು ಹೇಳಿ ನಿಮ್ಮಿಂದ ಚಪ್ಪಾಳೆ ಗಿಟ್ಟಿಸಲು ನಾನು ಬಂದಿಲ್ಲ.

ಹಾಗಂತ ನಮ್ಮವರು ಕೇಳಲೇ ಇಲ್ಲ ಅಂದ್ಕೋಬೇಡಿ. ಬ್ರಿಟಿಷರು 1878ರ ಆಯುಧ ಕಾಯ್ದೆ ತಂದು ಈ ದೇಶದವರ ಕೈ ಕಟ್ಟಿದರು. ನಿಯಮಕ್ಕೆ ಒಳಪಟ್ಟು ಆಯುಧ ಹೊಂದುವುದು ಪ್ರಜೆಯ ಮೂಲಭೂತ ಹಕ್ಕು ಎಂದು 1931ರ ಕರಾಚಿ ಕಾಂಗ್ರೆಸ್ ಠರಾವು ಮಾಡಿತು. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಎಚ್.ವಿ. ಕಾಮತರು ಅದನ್ನೇ ತಿದ್ದುಪಡಿಯಾಗಿ ತಂದರು. ಸಭೆ ಒಪ್ಪಲಿಲ್ಲ. 19ನೇ ವಿಧಿಯಲ್ಲಿ ಉಳಿದದ್ದು ಆಯುಧವಿಲ್ಲದೆ ಶಾಂತಿಯಿಂದ ಸಭೆ ಸೇರುವ ಹಕ್ಕು ಮಾತ್ರ.

ಸಂವಿಧಾನದಲ್ಲಿ ಇಲ್ಲದಿದ್ದರೂ ಕಾನೂನಿನಲ್ಲಿ ನಮಗೆ ಜಾಗ ಇದೆ. 1959ರ ಆಯುಧ ಕಾಯ್ದೆಯ 13ನೇ ಕಲಂ ಓದಿ. ಬೆಳೆ ರಕ್ಷಣೆಗೆ ಕೇಪಿನ ಕೋವಿ, ಸ್ವಂತ ರಕ್ಷಣೆಗೆ 20 ಅಂಗುಲಕ್ಕೆ ಕಡಿಮೆಯಿಲ್ಲದ ನಳಿಗೆಯ ತೋಟೆ ಕೋವಿ ಕೇಳಿದವನಿಗೆ ಲೈಸೆನ್ಸ್ "ಕೊಡತಕ್ಕದ್ದು" ಎಂದಿದೆ. ಅರ್ಜಿದಾರ ತಕ್ಕವನಲ್ಲ, ಅಥವಾ ಸಾರ್ವಜನಿಕ ಶಾಂತಿಗೆ ಧಕ್ಕೆ ಎಂದು ಕಂಡರೆ ನಿರಾಕರಿಸಬಹುದು. ಆದರೆ ಆಸ್ತಿ ಸಾಲದು ಎಂಬ ಒಂದೇ ಕಾರಣಕ್ಕೆ ನಿರಾಕರಿಸುವಂತಿಲ್ಲ. ಕಾರಣವನ್ನು ಬರೆದೇ ಇಡಬೇಕು. ಆ ಆದೇಶದ ಮೇಲೆ ಅಪೀಲು ಉಂಟು. ಒಂದೆಕರೆಯವನಿಗೂ ನೂರೆಕರೆ ಎಸ್ಟೇಟಿನವನಿಗೂ ಕಲಂ ಒಂದೇ.

ಕೊಡಗಿನಲ್ಲಿ ಕೊಡವರಿಗೂ ಜಮ್ಮ ಹಿಡುವಳಿದಾರರಿಗೂ ಲೈಸೆನ್ಸಿನಿಂದಲೇ ವಿನಾಯಿತಿ ಇದೆ. 2019ರಲ್ಲಿ ಅದನ್ನು ಹತ್ತು ವರ್ಷಕ್ಕೆ ವಿಸ್ತರಿಸಿದರು, 2021ರಲ್ಲಿ ಹೈಕೋರ್ಟು ಎತ್ತಿ ಹಿಡಿಯಿತು. ಅದು ಅವರ ಪರಂಪರೆಗೆ ಸಂದ ಮಾನ, ನಮಗೆ ಹೊಟ್ಟೆಕಿಚ್ಚಿಲ್ಲ. ಲೈಸೆನ್ಸ್ ಇರುವ ನಮ್ಮ ರೈತನನ್ನು ಚುನಾವಣೆ ಬಂದಾಗಲೆಲ್ಲ ಪುಂಡನಂತೆ ಕಾಣಬೇಡಿ ಅನ್ನೋದಷ್ಟೇ ನಮ್ಮ ಮಾತು. ಯಾರ ಕೋವಿ ಠಾಣೆಗೆ ಬರಬೇಕೆಂದು ಒಬ್ಬೊಬ್ಬರನ್ನೂ ನೋಡಿ ತೀರ್ಮಾನಿಸಲು ಜಿಲ್ಲೆಯಲ್ಲಿ ಸಮಿತಿ ಇರುತ್ತೆ. ಸಾರಾಸಗಟು ತರಿಸಿಕೊಂಡರೆ ಆ ಸಮಿತಿ ಯಾಕೆ? ಕೋವಿ ಠಾಣೆಯಲ್ಲಿದೆ ಅಂತ ಹಂದಿ ಗದ್ದೆ ಬಿಟ್ಟು ಹೋಗುತ್ತಾ?

ಇನ್ನೊಂದು ವಿಚಾರ ಕಿವಿಗೊಟ್ಟು ಕೇಳಿ. ಕೋವಿಗೆ ಲೈಸೆನ್ಸ್ ಸಿಕ್ಕಿತು ಅಂದರೆ ಈಡು ಹೊಡೆಯಲು ಲೈಸೆನ್ಸ್ ಸಿಕ್ಕಿತು ಅಂತಲ್ಲ. ಕಾಡುಹಂದಿ ಈಗ ವನ್ಯಜೀವಿ ಕಾಯ್ದೆಯ ಎರಡನೇ ಅನುಸೂಚಿಯಲ್ಲಿದೆ. ಬೆಳೆಗೆ ಅಪಾಯ ಎಂದು ಅಧಿಕಾರಿ ಬರೆದು ಅನುಮತಿ ಕೊಟ್ಟರೆ ಮಾತ್ರ ಹೊಡೆಯಬಹುದು. ಸತ್ತ ಹಂದಿ ಸರ್ಕಾರದ್ದು. ಮೈಮೇಲೆ ಬಿದ್ದ ಪ್ರಾಣಿಯನ್ನು ಜೀವ ಉಳಿಸಿಕೊಳ್ಳಲು ಹೊಡೆದರೆ ಅಪರಾಧವಲ್ಲ. ಆನೆಯ ಮಾತು ಬೇರೆ. ಬೆಳೆ ತಿಂದಿತೆಂದು ಅದನ್ನು ಕೊಲ್ಲಲು ಯಾರೂ ಅನುಮತಿ ಕೊಡುವಂತಿಲ್ಲ. 2022ರಲ್ಲಿ ಕುಂದೂರು ಭಾಗದಲ್ಲಿ ಹೆಣ್ಣುಮಗಳೊಬ್ಬಳು ಆನೆಗೆ ಬಲಿಯಾದಳು. ಅಂಥದ್ದಕ್ಕೆ ಕೇಪಿನ ಕೋವಿ ಉತ್ತರವಲ್ಲ. ಆನೆ ತಡೆಯುವುದು ಸರ್ಕಾರದ ಹೊಣೆ. ಕಾಫಿ ಕದ್ದು ಓಡುವವನ ಬೆನ್ನಿಗೆ ಈಡು ಹೊಡೆದರೆ ಅದು ಆತ್ಮರಕ್ಷಣೆಯಲ್ಲ, ಕೊಲೆ ಕೇಸು. ಕೇಸಿಗೆ ಮಾಡಿದ ಸಾಲ ತೋಟವನ್ನೇ ನುಂಗುತ್ತೆ.

ಹಂದಿ ಉತ್ತ ಗದ್ದೆಯ ಸಾಲಕ್ಕೂ ಬ್ಯಾಂಕು ಬಡ್ಡಿ ಹಾಕುತ್ತೆ. ನಮ್ಮ ಮನೆಯ ಕೋವಿ ಶೋಕಿಗಲ್ಲ, ಸಾಲದ ಲೆಕ್ಕದಲ್ಲಿ ಅದೂ ಒಂದು ಬಾಬತ್ತು. ಆದ್ದರಿಂದ ಮೂರು ಕೆಲಸ ಮಾಡಿ. ಅರ್ಜಿ ಕೊಟ್ಟಲ್ಲಿ ಸ್ವೀಕೃತಿ ತಗೊಳ್ಳಿ, ನಿರಾಕರಿಸಿದರೆ ಬರೆದು ಕೊಡಿ ಅನ್ನಿ. ನವೀಕರಣದ ದಿನ ತಪ್ಪಿಸಬೇಡಿ. ಬೆಳೆ ಹಾಳಾದ ದಿನವೇ ಫೋಟೋ ತೆಗೆದು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕಿ. ಕಳ್ಳ ಕೋವಿ, ಉರುಳು, ಕರೆಂಟು ತಂತಿ ಇವುಗಳ ಸಹವಾಸ ಬೇಡ. ಅದರಲ್ಲಿ ಸಾಯೋದು ಹಂದಿ ಮಾತ್ರ ಅಲ್ಲ, ನಮ್ಮ ಆಳುಮಕ್ಕಳೂ ಹೌದು.

ಕಾನೂನು ಬರೆದದ್ದನ್ನು ಕೈ ಮುಗಿದು ಬೇಡಬೇಕಾಗಿಲ್ಲ, ತಲೆ ಎತ್ತಿ ಕೇಳೋಣ.