ನಮ್ಮೂರಿನ ಎತ್ತರಕ್ಕೆ ಓಟು ಹಾಕೋರು ಯಾರು?



ಹೋದ ಎಪಿಸೋಡ್ ಆದ್ಮೇಲೆ ದೇವನಹಳ್ಳಿಯಿಂದಲೇ ಒಬ್ಬರು ವಾಯ್ಸ್ ನೋಟ್ ಕಳಿಸಿದ್ರು. "ಬ್ರೋ, ನಮ್ಮೂರಲ್ಲಿ ಎಷ್ಟು ಮಹಡಿ ಕಟ್ಟಬಹುದು ಅಂತ ನಾವೇ ಓಟು ಹಾಕಿ ತೀರ್ಮಾನ ಮಾಡೋಕಾಗಲ್ವಾ? ಎಲ್ಲೋ ಫಾರಿನ್‌ನಲ್ಲಿ ಹಂಗೆ ಮಾಡ್ತಾರಂತೆ." ಚಿಕ್ಕ ಉತ್ತರ: ಇಲ್ಲಿ ಆಗಲ್ಲ, ಅಲ್ಲಿ ಮಾಡ್ತಾರೆ. ದೊಡ್ಡ ಉತ್ತರ ಇವತ್ತಿನ ಎಪಿಸೋಡ್.

ಮೊದಲು ಆ ಫಾರಿನ್ ಕತೆ. ಜರ್ಮನಿಯ ಮ್ಯೂನಿಕ್ ನಗರ. ಊರಿನ ಮಧ್ಯದಲ್ಲಿ ಫ್ರಾವನ್‌ಕಿರ್ಷೆ ಅಂತ ಹಳೇ ಚರ್ಚು, ಅದರ ಜೋಡಿ ಗೋಪುರ ಸುಮಾರು 99 ಮೀಟರ್. 2004ರ ಹೊತ್ತಿಗೆ ಅದಕ್ಕಿಂತ ಎತ್ತರದ ಆಫೀಸು ಕಟ್ಟಡಗಳ ಪ್ಲಾನು ಬಂತು. ಊರಿನ ಮಾಜಿ ಮೇಯರ್ ಗೇಯೋರ್ಗ್ ಕ್ರೋನಾವಿಟರ್ ಎದ್ದು ನಿಂತು, ಚರ್ಚಿನ ಗೋಪುರಕ್ಕಿಂತ ಎತ್ತರ ಯಾವುದೂ ಬೇಡ ಅಂತ ಸಹಿ ಸಂಗ್ರಹ ಶುರು ಮಾಡಿದ್ರು. ಅಲ್ಲಿನ ಕಾನೂನಲ್ಲಿ ಸಾಕಷ್ಟು ಸಹಿ ಸೇರಿದ್ರೆ ಊರಿಗೆ ಊರೇ ಮತ ಹಾಕಬೇಕು. 2004ರ ನವೆಂಬರ್ 21ರಂದು ಮತದಾನ ಆಯ್ತು. ಮಿತಿ ಬೇಕು ಅಂದವರು ಶೇ. 50.8. ಕೂದಲೆಳೆ ಅಂತರ. ಇನ್ನೊಂದು ಲೆಕ್ಕ ಕೇಳಿ: ಮತ ಹಾಕೋಕೆ ಬಂದವರೇ ಶೇ. 22ರಷ್ಟು. ಅಂದ್ರೆ ನೂರು ಜನರಲ್ಲಿ ಹನ್ನೊಂದು ಜನ ಇಡೀ ಊರಿನ ಆಕಾಶ ಎಷ್ಟಿರಬೇಕು ಅಂತ ತೀರ್ಮಾನ ಮಾಡಿದ್ರು. ಆ ಮತಕ್ಕೆ ಕಾನೂನಿನ ಬಲ ಇದ್ದದ್ದು ಒಂದೇ ವರ್ಷ. ಆದ್ರೂ ಆಮೇಲೆ ಎಷ್ಟೋ ವರ್ಷ ರಾಜಕಾರಣಿಗಳು ಅದನ್ನ ಮುಟ್ಟೋ ಧೈರ್ಯ ಮಾಡ್ಲಿಲ್ಲ. ಒಂದು ಪತ್ರಿಕಾ ಸಂಸ್ಥೆಯ ಹೊಸ ಕಚೇರಿ 145 ಮೀಟರ್ ಆಸುಪಾಸು ಆಗಬೇಕಿದ್ದದ್ದು 100ರ ಹತ್ತಿರಕ್ಕೆ ಇಳೀತು. ಈಗ 155 ಮೀಟರ್‌ನ ಎರಡು ಗೋಪುರಗಳ ಪ್ಲಾನು ಬಂದಿದೆ, ಜಗಳ ಮತ್ತೆ ಶುರುವಾಗಿದೆ.

ನಮ್ಮ ದೇಶಕ್ಕೆ ಬಂದ್ರೆ ಜನಮತಗಣನೆ ಅನ್ನೋದು ಅಪರೂಪ. ಪಕ್ಕದ ಗೋವಾದಲ್ಲಿ 1967ರ ಜನವರಿ 16ರಂದು, ಮಹಾರಾಷ್ಟ್ರಕ್ಕೆ ಸೇರಬೇಕಾ ಬೇಡವಾ ಅಂತ ಮತ ಕೇಳಿದ್ರು, ಬೇಡ ಅಂದ್ರು. ಒಡಿಶಾದ ನಿಯಮಗಿರಿಯಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ 12 ಗ್ರಾಮಸಭೆ ಕೂತವು, ಹನ್ನೆರಡಕ್ಕೆ ಹನ್ನೆರಡೂ ಬಾಕ್ಸೈಟ್ ಗಣಿ ಬೇಡ ಅಂದವು. ಆದ್ರೆ ಒಂದು ಪುರಸಭೆಯಲ್ಲಿ ಕಟ್ಟಡದ ಎತ್ತರಕ್ಕೆ ಮತ? ನಮ್ಮಲ್ಲಿ ಅಂಥ ದಾರಿನೇ ಇಲ್ಲ. ಎತ್ತರ ಬಿಡಿ, 2025ರ ಜುಲೈ 2ರಂದು ನಂದಿಬೆಟ್ಟದ ಮೇಲೆ ಸಂಪುಟ ಸಭೆ ಮಾಡಿ ನಮ್ಮ ಜಿಲ್ಲೆಗೆ ಬೆಂಗಳೂರು ಉತ್ತರ ಅಂತ ಹೊಸ ಹೆಸರಿಡೋಕೆ ತೀರ್ಮಾನ ಮಾಡಿದ್ರಲ್ಲ, ನಿಮ್ಮನ್ನ ಯಾರಾದ್ರೂ ಕೇಳಿದ್ರಾ? ನನ್ನನ್ನಂತೂ ಕೇಳಲಿಲ್ಲ. ಹೆಸರು ಕೆಟ್ಟದು ಅಂತಲ್ಲ.

ಹಾಗಾದ್ರೆ ದೇವನಹಳ್ಳಿಯಲ್ಲಿ ಎತ್ತರ ತೀರ್ಮಾನ ಮಾಡೋರು ಯಾರು? ಮೂರು ಯಜಮಾನರಿದ್ದಾರೆ.

ಮೊದಲನೇದು ವಿಮಾನ. 2008ರ ಮೇ ತಿಂಗಳಲ್ಲಿ ಏರ್‌ಪೋರ್ಟ್ ಶುರುವಾದಾಗಿಂದ ನಮ್ಮ ಆಕಾಶಕ್ಕೆ ಒಂದು ಕಾಣದ ಛಾವಣಿ ಬಂದಿದೆ. ಕೇಂದ್ರ ಸರ್ಕಾರದ 2015ರ ಎತ್ತರ ನಿರ್ಬಂಧದ ನಿಯಮ ಅಂತ ಇದೆ. ಸರಳವಾಗಿ ಹೇಳ್ತೀನಿ. ದೊಡ್ಡ ರನ್‌ವೇ ಸುತ್ತ ಸುಮಾರು 4 ಕಿಲೋಮೀಟರ್‌ವರೆಗೆ, ವಿಮಾನ ನಿಲ್ದಾಣದ ಮಟ್ಟದಿಂದ 45 ಮೀಟರ್ ಮೇಲೆ ಒಂದು ಚಪ್ಪಟೆ ಗಾಜು ಇದೆ ಅಂದ್ಕೊಳ್ಳಿ. ಯಾವ ಕಟ್ಟಡವೂ ಅದನ್ನ ತಾಗೋ ಹಾಗಿಲ್ಲ. ಅಲ್ಲಿಂದ ಹೊರಗೆ ಹೋದ ಹಾಗೆ ಗಾಜು ನಿಧಾನವಾಗಿ ಮೇಲಕ್ಕೇರುತ್ತೆ, 20 ಮೀಟರ್ ದೂರಕ್ಕೆ 1 ಮೀಟರ್ ಲೆಕ್ಕದಲ್ಲಿ. ಇನ್ನು ವಿಮಾನ ಇಳಿಯೋ, ಹಾರೋ ದಾರಿ ಇದೆಯಲ್ಲ, ರನ್‌ವೇಯ ಪೂರ್ವಕ್ಕೂ ಪಶ್ಚಿಮಕ್ಕೂ, ಅಲ್ಲಿ ಇನ್ನೂ ಬಿಗಿ. ದೇವನಹಳ್ಳಿ ಪೇಟೆ ಇರೋದು ಉತ್ತರಕ್ಕೆ. ಹಾಗಾಗಿ ಆ ಬಿಗಿಯಿಂದ ಒಂಚೂರು ಬಚಾವು.

ಇಲ್ಲಿ ಬಹಳ ಜನ ತಪ್ಪು ತಿಳ್ಕೊಳ್ಳೋದು ಒಂದಿದೆ. 45 ಮೀಟರ್ ಅಂದ್ರೆ ಮಹಡಿಗೆ 3 ಮೀಟರ್ ಹಾಗೆ 15 ಮಹಡಿ, ಅಷ್ಟೇ ತಾನೇ ಅಂತ. ಅಲ್ಲ. ಅಳತೆ ಶುರುವಾಗೋದು ನಿಮ್ಮ ಸೈಟಿನ ಮಣ್ಣಿಂದ ಅಲ್ಲ, ಸಮುದ್ರ ಮಟ್ಟದಿಂದ. ನಮ್ಮ ಏರ್‌ಪೋರ್ಟ್ ಸಮುದ್ರ ಮಟ್ಟದಿಂದ ಸುಮಾರು 915 ಮೀಟರ್ ಎತ್ತರದಲ್ಲಿದೆ. 45 ಕೂಡಿಸಿದ್ರೆ 960. ನಿಮ್ಮ ಜಮೀನು 900ರಲ್ಲಿ ತಗ್ಗಿನಲ್ಲಿದ್ರೆ 60 ಮೀಟರ್ ಸಿಗುತ್ತೆ, 20 ಮಹಡಿ. ದಿಣ್ಣೆ ಮೇಲೆ 930ರಲ್ಲಿದ್ರೆ 30 ಮೀಟರ್, 10 ಮಹಡಿ. ಅಕ್ಕಪಕ್ಕದ ಎರಡು ಜಮೀನು, ಒಂದಕ್ಕೆ ಇನ್ನೊಂದರ ಡಬಲ್. ಅದರಲ್ಲೂ ಲಿಫ್ಟ್ ರೂಮು, ನೀರಿನ ಟ್ಯಾಂಕು, ಮೊಬೈಲ್ ಆಂಟೆನಾ ಎಲ್ಲಾ ಸೇರಿ ಲೆಕ್ಕ. ನಮ್ಮ ಕಡೆ ಹಿಂದೆಲ್ಲ ದಿಣ್ಣೆ ಹೊಲಕ್ಕೆ ನೀರು ನಿಲ್ಲಲ್ಲ ಅಂತ ಬೆಲೆ ಕಮ್ಮಿ ಇತ್ತು. ಈಗ ಆಕಾಶವೂ ಕಮ್ಮಿ.

ಈ ಯಜಮಾನನ ಹತ್ರ ಮತ, ಚೌಕಾಸಿ ಎರಡೂ ನಡೆಯಲ್ಲ, ನಡೀಬಾರದು ಕೂಡ. 2025ರ ಜೂನ್ 12ರಂದು ಅಹಮದಾಬಾದ್‌ನಲ್ಲಿ ವಿಮಾನ ಹಾಸ್ಟೆಲ್ ಕಟ್ಟಡದ ಮೇಲೆ ಬಿತ್ತು. ಆ ದುರಂತಕ್ಕೆ ಕಟ್ಟಡದ ಎತ್ತರ ಕಾರಣ ಅಲ್ಲ, ಅದು ಸ್ಪಷ್ಟ ಇರಲಿ. ಆದ್ರೆ ಅದಾದ ಒಂದೇ ವಾರದಲ್ಲಿ ಕೇಂದ್ರ ಸರ್ಕಾರ, ಮಿತಿ ಮೀರಿದ ಕಟ್ಟಡ ಕೆಡವೋಕೆ ಕರಡು ನಿಯಮ ಹೊರಡಿಸಿತು. ಬಹುಮತ ಇದೆ ಅಂತ ರನ್‌ವೇ ಮುಂದೆ ಗೋಡೆ ಎಬ್ಬಿಸೋಕಾಗಲ್ಲ.

ಎರಡನೇ ಯಜಮಾನ ಕೋಟೆ. 1501ರಲ್ಲಿ ಆವತಿ ವಂಶದ ಮಲ್ಲಬೈರೇಗೌಡರು ಮಣ್ಣಲ್ಲಿ ಕಟ್ಟಿಸಿದ್ದು, ಆಮೇಲೆ ಹೈದರಾಲಿ ಕಾಲದಲ್ಲಿ ಕಲ್ಲಿನದಾಯ್ತು. ಟಿಪ್ಪು ಹುಟ್ಟಿದ ಜಾಗ ಹತ್ತಿರದಲ್ಲೇ ಇದೆ. ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕ. 2010ರ ತಿದ್ದುಪಡಿ ಪ್ರಕಾರ ಇಂಥ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ನಿಷೇಧ, ರಿಪೇರಿಗೂ ಅನುಮತಿ ಬೇಕು. ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ದೇವನಹಳ್ಳಿ ಕೋಟೆ ಅಂದ್ರೆ ಖಾಲಿ ಮ್ಯೂಸಿಯಂ ಅಲ್ಲ, ಒಳಗೆ ವೇಣುಗೋಪಾಲಸ್ವಾಮಿ ದೇವಸ್ಥಾನ ಇದೆ, ಬೀದಿಗಳಿವೆ, ಬಟ್ಟೆ ಒಣಗಾಕಿರೋ ಮನೆಗಳಿವೆ, ಸಂಸಾರಗಳಿವೆ.

ನಮ್ಮ ದೊಡ್ಡಪ್ಪನ ಮನೆ ಈ 100 ಮೀಟರ್ ಒಳಗಿದೆ. ಇಬ್ಬರು ಗಂಡುಮಕ್ಕಳು. ದೊಡ್ಡವನಿಗೆ ಮದುವೆ ಆಯ್ತು, ಚಿಕ್ಕವನಿಗೆ ಹುಡುಗಿ ನೋಡ್ತಿದ್ದಾರೆ. ಮೇಲೊಂದು ಮಹಡಿ ಹಾಕ್ಕೊಂಡ್ರೆ ಮುಗೀತು, ಆದ್ರೆ ಹಾಕೋ ಹಾಗಿಲ್ಲ. ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆದು ಸಾಕಾಗಿ ಒಂದಿನ ನನ್ನನ್ನ ಕೂರಿಸಿಕೊಂಡು ಕೇಳಿದ್ರು: "ಏನಪ್ಪಾ, ಬೀಕಾಂ ಮಾಡಿದ್ದೀಯ, ಮೈಕ್ ಮುಂದೆ ಊರಿಗೆಲ್ಲ ಲೆಕ್ಕ ಹೇಳ್ತೀಯ. ನನಗೂ ಒಂದು ಲೆಕ್ಕ ಹೇಳು. ಅಲ್ಲಿ ಹೊಲದಲ್ಲಿ ಹದಿನಾಲ್ಕು ಮಹಡಿ ಏಳುತ್ತೆ. ನಾನು ಹುಟ್ಟಿದ ಮನೆ ಮೇಲೆ ಒಂದು ಮಹಡಿ ಎದ್ರೆ ಕೋಟೆಗೆ ನೆಗಡಿ ಬರುತ್ತಾ?"

"ದೊಡ್ಡಪ್ಪ, ಕಾನೂನು ಹಂಗಿದೆ" ಅಂದೆ. "ಕಾನೂನು ಇರೋದು ನನಗೂ ಗೊತ್ತು ಕಣಪ್ಪ, ನ್ಯಾಯ ಕೇಳಿದ್ದು" ಅಂದ್ರು.

ಈ 100 ಮೀಟರ್ ನಿಯಮ ಸಡಿಲ ಮಾಡೋಕೆ ಒಂದು ಮಸೂದೆ 2018ರ ಜನವರಿಯಲ್ಲಿ ಲೋಕಸಭೆಯಲ್ಲಿ ಪಾಸೂ ಆಗಿತ್ತು. ಯಾರಿಗೋಸ್ಕರ ಅಂತೀರಾ? ಕೇಂದ್ರ ಸರ್ಕಾರದ ಹೆದ್ದಾರಿ ಥರದ ಕಾಮಗಾರಿಗಳಿಗೆ. ಮನೆ ಮೇಲೆ ಮನೆ ಕಟ್ಟೋರಿಗಲ್ಲ. ಅದೂ ಕಾನೂನಾಗಲಿಲ್ಲ.

ಮೂರನೇ ಯಜಮಾನ ಯೋಜನಾ ಪ್ರಾಧಿಕಾರ, ನಾವೆಲ್ಲ ಬಯಪಾ ಅಂತೀವಲ್ಲ, ಬೆಂಗಳೂರು ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಪ್ರದೇಶ ಯೋಜನಾ ಪ್ರಾಧಿಕಾರ. ಮಾಸ್ಟರ್ ಪ್ಲಾನು, ರಸ್ತೆ ಅಗಲ, ಸೆಟ್‌ಬ್ಯಾಕು, ಎಫ್‌ಎಆರ್ ಇವೆಲ್ಲ ಇವರ ಕೈಲಿ. ತಮಾಷೆ ಏನಂದ್ರೆ, ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದಾಗ ಪುರಸಭೆಗಳಿಗೆ ಕೊಡಬಹುದಾದ ಕೆಲಸಗಳ ಪಟ್ಟಿ ಮಾಡಿದ್ರು, 12ನೇ ಅನುಸೂಚಿ. ಅದರಲ್ಲಿ ಮೊದಲನೇ ಐಟಂ ನಗರ ಯೋಜನೆ, ಎರಡನೇದು ಜಮೀನಿನ ಬಳಕೆ ಮತ್ತು ಕಟ್ಟಡ ನಿರ್ಮಾಣದ ನಿಯಂತ್ರಣ. ಪಟ್ಟಿಯಲ್ಲಿ ಮೊದಲು ಇದ್ದದ್ದು ಕೈಗೆ ಸಿಗೋದು ಕೊನೆಗೆ. ನಾವು ಓಟು ಹಾಕಿ ಗೆಲ್ಲಿಸಿದ ಪುರಸಭೆ ಸದಸ್ಯರು ಬೀದಿ ದೀಪದ ಬಗ್ಗೆ ಮಾತಾಡ್ತಾರೆ, ಊರಿನ ಆಕಾರ ಬೇರೆ ಕಡೆ ತೀರ್ಮಾನ ಆಗುತ್ತೆ.

ಹಾಗಂತ ಮತ ಹಾಕಿಸಿದ್ರೆ ಎಲ್ಲಾ ಸರಿ ಹೋಗುತ್ತಾ? ಲೆಕ್ಕ ಹಾಕಿ ನೋಡೋಣ.

ಎಫ್‌ಎಆರ್ ಅಂದ್ರೆ ಸೈಟಿನ ಅಳತೆಯ ಎಷ್ಟು ಪಟ್ಟು ಕಟ್ಟಬಹುದು ಅನ್ನೋದು. ಉದಾಹರಣೆಗೆ 30-40 ಸೈಟು, 1200 ಚದರಡಿ, ಎಫ್‌ಎಆರ್ 1.75 ಇದ್ರೆ ಒಟ್ಟು 2100 ಚದರಡಿ ಕಟ್ಟಬಹುದು. ಈಗ ದೊಡ್ಡ ಜಾಗ ತಗೊಳ್ಳಿ, ಒಟ್ಟು 1 ಲಕ್ಷ ಚದರಡಿ ಕಟ್ಟೋಕೆ ಅನುಮತಿ ಇದೆ. ಮಹಡಿಗೆ 20,000ದ ಹಾಗೆ 5 ಮಹಡಿ ಕಟ್ಟಬಹುದು, ಇಲ್ಲಾ ಮಹಡಿಗೆ 5,000ದ ಹಾಗೆ 20 ಮಹಡಿ ಕಟ್ಟಿ ಕೆಳಗೆ ಜಾಗ ಬಿಡಬಹುದು. ಜನ ಅಷ್ಟೇ, ಕಾರು ಅಷ್ಟೇ, ನೀರು ಅಷ್ಟೇ. ಎತ್ತರಕ್ಕೆ ಮಿತಿ ಹಾಕಿದ ಮಾತ್ರಕ್ಕೆ ಜನ ಕಮ್ಮಿ ಆಗಲ್ಲ.

ಅದೇ 1 ಲಕ್ಷ ಚದರಡಿಯಲ್ಲಿ 100 ಫ್ಲ್ಯಾಟು, ಮನೆಗೆ 4 ಜನ ಅಂದ್ಕೊಳ್ಳಿ. ನಗರದ ಯೋಜನೆಗಳಲ್ಲಿ ತಲೆಗೆ ದಿನಕ್ಕೆ 135 ಲೀಟರ್ ನೀರು ಅಂತ ಲೆಕ್ಕ ಹಿಡೀತಾರೆ. 54,000 ಲೀಟರ್. 6,000 ಲೀಟರಿನ ಟ್ಯಾಂಕರ್ ಆದ್ರೆ ದಿನಕ್ಕೆ 9. ಒಂದು ಅಪಾರ್ಟ್‌ಮೆಂಟಿಗೆ. ನಮ್ಮ ಕಡೆ ವರ್ಷಪೂರ್ತಿ ಹರಿಯೋ ಹೊಳೆ ಇಲ್ಲ. ಇರೋದು ಬೋರ್‌ವೆಲ್ಲು, ಜೊತೆಗೆ ಹೆಬ್ಬಾಳ-ನಾಗವಾರ ಕಣಿವೆಯಿಂದ ಬೆಂಗಳೂರಿನ ಕೊಳಚೆ ನೀರನ್ನ ಶುದ್ಧ ಮಾಡಿ ಕೆರೆ ತುಂಬಿಸೋ ಯೋಜನೆ. ಪಕ್ಕದ ಹಳ್ಳಿಯವರು ಬೋರು ಬತ್ತಿದೆ ಅಂತ ಗೋಳಾಡೋವಾಗ, ಮಹಡಿ ಹತ್ತಾ ಹದಿನೈದಾ ಅಂತ ಮತ ಹಾಕಿಸೋದು ಅರ್ಧ ಪ್ರಶ್ನೆ ಅಂತ ನನಗನ್ನಿಸುತ್ತೆ. ಟ್ಯಾಂಕರ್ ಎಷ್ಟು ಅಂತ ಬ್ಯಾಲೆಟ್ ಪೇಪರಲ್ಲಿ ಅಚ್ಚು ಹಾಕಿಸಲಿ, ಆಗ ನೋಡೋಣ.

ಇನ್ನೊಂದು ತೊಡಕು, ಮತದಾರರು ಯಾರು? ಸೈಟು ಇರೋರಿಗೆ ಎತ್ತರ ಜಾಸ್ತಿ ಆದ್ರೆ ಬೆಲೆ ಜಾಸ್ತಿ. ಬಾಡಿಗೆ ಮನೆಯಲ್ಲಿರೋ ಏರ್‌ಪೋರ್ಟ್ ಹುಡುಗರಿಗೆ ಮನೆ ಜಾಸ್ತಿ ಕಟ್ಟಿದ್ರೆ ಬಾಡಿಗೆ ಇಳಿದೀತು ಅನ್ನೋ ಆಸೆ, ಆದ್ರೆ ಅವರಲ್ಲಿ ಎಷ್ಟೋ ಜನರ ವೋಟರ್ ಐಡಿ ಕಲಬುರಗಿಲೋ ರಾಯಚೂರಲ್ಲೋ ಇದೆ. ಪಕ್ಕದ ಹೊಲದವರಿಗೆ ನೆರಳು, ಧೂಳು, ಬತ್ತಿದ ಬೋರು. ಅವರು ಪುರಸಭೆ ಗಡಿಯ ಹೊರಗೆ, ಅವರಿಗೆ ಓಟೇ ಇಲ್ಲ.

ಇದು ಬರೀ ಕಲ್ಪನೆ ಅಲ್ಲ. ಚನ್ನರಾಯಪಟ್ಟಣ ಹೋಬಳಿ ನೆನಪಿದೆಯಲ್ಲ? 13 ಹಳ್ಳಿ, 1777 ಎಕರೆ, ಏರೋಸ್ಪೇಸ್ ಪಾರ್ಕಿಗೆ ಭೂಸ್ವಾಧೀನ. 2022ರ ಏಪ್ರಿಲ್‌ನಲ್ಲಿ ಧರಣಿ ಕೂತವರು 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಭೂಸ್ವಾಧೀನ ಕೈಬಿಟ್ಟಿದ್ದೀವಿ ಅನ್ನೋವರೆಗೂ ಎದ್ದಿಲ್ಲ. ಮೂರು ವರ್ಷ ದಾಟಿತ್ತು. ಮಳೆ, ಬಿಸಿಲು, ಪೊಲೀಸ್ ವ್ಯಾನು ಎಲ್ಲಾ ನೋಡಿದ್ರು. ಅದಾದ ಮೇಲೆ, ನಾವು ಜಮೀನು ಕೊಡೋಕೆ ರೆಡಿ ಅನ್ನೋ ರೈತರೂ ಮುಂದೆ ಬಂದ್ರು. ಅವರೂ ಅದೇ ಹೋಬಳಿಯವರು, ಅವರಿಗೂ ಮಗಳ ಮದುವೆ, ಸಾಲ ಎಲ್ಲಾ ಇದೆ. ಒಂದೇ ದಿನ ಮತ ಹಾಕಿಸಿದ್ರೆ ಆ ಎರಡೂ ಕಡೆಯವರು ಒಂದು ಸಂಖ್ಯೆ ಆಗಿಬಿಡ್ತಿದ್ರು. ಮ್ಯೂನಿಕ್‌ನ 50.8ರ ಹಾಗೆ. ಇನ್ನೊಂದು ಕಡೆಯಿಂದ ನೋಡಿದ್ರೆ, ಮತ ಅನ್ನೋದೊಂದು ಇದ್ದಿದ್ರೆ ಮೂರು ವರ್ಷ ರಸ್ತೆ ಬದಿ ಕೂರಬೇಕಿರಲಿಲ್ಲ. ನನಗೆ ಈ ಎರಡನೇ ಮಾತೇ ಜಾಸ್ತಿ ತೂಕದ್ದು ಅನ್ನಿಸುತ್ತೆ.

ಹಾಗಾಗಿ ನನ್ನ ಅಭಿಪ್ರಾಯ ಕೇಳಿದ್ರೆ: ವಿಮಾನದ ಮಿತಿಗೆ ಮತ ಬೇಡ. ಕೋಟೆ ಸುತ್ತ ಏನು ಮಾಡಬೇಕು ಅನ್ನೋದಕ್ಕೆ, ಕೋಟೆ ಒಳಗೇ ಬದುಕ್ತಿರೋರನ್ನ ಕೂರಿಸಿ ಕೇಳ್ಬೇಕು. ಎಲ್ಲಾ 100 ಮೀಟರಿಗೂ ಒಂದೇ ಕಣ್ಣುಮುಚ್ಚಿದ ನಿಯಮ ಅನ್ನೋದು ಕೋಟೆಗೂ ಒಳ್ಳೇದಲ್ಲ. ಅನುಮತಿ ಸಿಗದ ಜನ ರಾತ್ರೋರಾತ್ರಿ ಶೀಟು ಹಾಕ್ಕೊಳ್ತಾರೆ, ಕೋಟೆಗೆ ಅದಕ್ಕಿಂತ ಕೊಳಕು ನೋಟ ಬೇರೆ ಇಲ್ಲ. ಉಳಿದ ಪೇಟೆಗೆ, ಹಳೇ ಬಸ್ ಸ್ಟ್ಯಾಂಡ್ ಸುತ್ತಮುತ್ತಲಿಗೆ, ವಾರ್ಡ್ ಮಟ್ಟದಲ್ಲಿ ಮತ ಕೇಳಲಿ. ಕಾನೂನಿನ ಬಲ ಇಲ್ದಿದ್ರೂ ಪರವಾಗಿಲ್ಲ. ಮ್ಯೂನಿಕ್‌ನಲ್ಲೂ ಒಂದು ವರ್ಷದ ಬಲ ಎಷ್ಟು ವರ್ಷ ನಡೀತು ನೋಡಿದ್ರಲ್ಲ.

ಅಲ್ಲಿವರೆಗೆ ಕೈಯಲ್ಲಿರೋದು ಒಂದೇ. ಮಾಸ್ಟರ್ ಪ್ಲಾನ್ ಕರಡು ಪ್ರಕಟ ಆದಾಗ ಆಕ್ಷೇಪಣೆ ಸಲ್ಲಿಸೋಕೆ ಕಾಯ್ದೆಯಲ್ಲಿ 60 ದಿನ ಕೊಡ್ತಾರೆ. ಡೆವಲಪರ್‌ಗಳ ಕಡೆಯವರು ಮೊದಲ ವಾರವೇ ಫೈಲ್ ಹಿಡ್ಕೊಂಡು ಹೋಗ್ತಾರೆ, ನಾವು 61ನೇ ದಿನ ಸ್ಟೇಟಸ್ ಹಾಕ್ತೀವಿ. ನಿಮ್ಮ ಸರ್ವೆ ನಂಬರ್, ರಸ್ತೆ ಅಗಲ, ಏನು ಬದಲಾಗಬೇಕು ಅನ್ನೋದನ್ನ ಒಂದೇ ಪುಟದಲ್ಲಿ ಬರೆದು ಕೊಟ್ಟು, ಸ್ವೀಕೃತಿ ಸೀಲು ಹಾಕಿಸ್ಕೊಂಡು ಬನ್ನಿ. ಸೀಲು ಮುಖ್ಯ, ಫೋಟೋ ತೆಗೆದಿಟ್ಕೊಳ್ಳಿ.

ಜಮೀನಿನ ಎತ್ತರ ತಿಳಿಯೋಕೆ ವಿಮಾನ ನಿಲ್ದಾಣ ಪ್ರಾಧಿಕಾರದ ಬಣ್ಣದ ನಕ್ಷೆ ಆನ್‌ಲೈನಲ್ಲೇ ಇದೆ. ಫ್ಲ್ಯಾಟು ಬುಕ್ ಮಾಡೋ ಮುಂಚೆ ಎತ್ತರದ ಎನ್‌ಒಸಿಯಲ್ಲಿ ಬರೆದಿರೋ ಮೀಟರು ಮತ್ತೆ ಬ್ರೋಷರಿನ ಮಹಡಿ ಎರಡನ್ನೂ ಪಕ್ಕಪಕ್ಕ ಇಟ್ಟು ಭಾಗಿಸಿ ನೋಡಿ. ತಾಳೆ ಆಗ್ಲಿಲ್ಲ ಅಂದ್ರೆ ಅಡ್ವಾನ್ಸ್ ಕೊಡಬೇಡಿ. ಮುಂದಿನ ವಾರ ಇ-ಖಾತಾ. ಕಾಗದ ಹುಡುಕಿಟ್ಕೊಂಡಿರಿ, ಸಿಗೋಣ.