ಕಂಪನಿ ಕಟ್ಟುವ ಮಕ್ಕಳಿಗೆ ಎರಡು ಮಾತು

(ಬಳ್ಳಾರಿಯ ಪಾರ್ವತಿನಗರದಲ್ಲಿ ಯುವಕರು ಮತ್ತು ಪಾಲಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)

ನಾನು ಸರ್ಕಾರಿ ಸೇವೆಯಿಂದ ನಿವೃತ್ತನಾದ ಇಂಜಿನಿಯರ್. ಮಕ್ಕಳ ಓದಿನ ಬಗ್ಗೆ ಕೇಳಲು ನಮ್ಮ ಬಡಾವಣೆಯವರು ಮನೆಗೆ ಬರುತ್ತಾರೆ. ಮೊದಲು ‘ಮಗನಿಗೆ ಯಾವ ಬ್ರಾಂಚ್ ಕೊಡಿಸಲಿ?’ ಎನ್ನುತ್ತಿದ್ದರು. ಈಗ ಕೇಳುವುದು ಬೇರೆ: ‘ಬೆಂಗಳೂರಿನ ಕೆಲಸ ಬಿಟ್ಟು ವೆಬ್‌ಸೈಟ್ ಕಂಪನಿ ಮಾಡುತ್ತಾನಂತೆ. ಸಿರುಗುಪ್ಪದ ಹೊಲ ಅಡವಿಟ್ಟು ದುಡ್ಡು ಕೊಡಲೇ?’

ಹೊಲ ಹೋದರೆ ಮನೆತನ ಅಲುಗುತ್ತದೆ. ಮಗನ ಹುರುಪನ್ನು ಚಿವುಟಿದರೆ ಅವನು ಬಾಡುತ್ತಾನೆ. ಹಾಗಾಗಿ ಉತ್ತರ ಹೇಳುವ ಮೊದಲು, ನಿಮಗೆಲ್ಲ ಗೊತ್ತಿರುವ ಒಂದು ಕಂಪನಿ ಹುಟ್ಟಿದ ಬಗೆಯನ್ನು ನೋಡೋಣ.

ಬೆಂಗಳೂರಿನ ರಾತ್ರಿ ಬಸ್ಸಿಗೆ ರೆಡ್‌ಬಸ್‌ನಲ್ಲಿ ಸೀಟು ಕಾಯ್ದಿರಿಸಿದವರು ಇಲ್ಲಿ ಬಹಳ ಮಂದಿ ಇದ್ದೀರಿ. 2005ರ ದೀಪಾವಳಿಗೆ ಫಣೀಂದ್ರ ಸಾಮ ಎಂಬ ತೆಲುಗು ನಾಡಿನ ಯುವಕನಿಗೆ ಊರಿಗೆ ಹೋಗಲು ಬೆಂಗಳೂರಿನಲ್ಲಿ ಬಸ್ ಸೀಟು ಸಿಗಲಿಲ್ಲ. ಆಗ ಅವರು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನಲ್ಲಿ ಇಂಜಿನಿಯರ್. ಹಬ್ಬಕ್ಕೆ ಸೀಟು ಸಿಗದೆ ಬೈದುಕೊಂಡವರು ಸಾವಿರಾರು ಜನ. ಇವರು ಏಜೆಂಟರನ್ನೂ ಬಸ್ ಮಾಲೀಕರನ್ನೂ ಕಂಡು, ಸೀಟು ಮಾರಾಟವಾಗುವ ಬಗೆ ಏನೆಂದು ಕೇಳಿದರು.

ಆಗ ಗೊತ್ತಾದದ್ದಿಷ್ಟು. ಸೀಟಿನ ಪಟ್ಟಿ ಮಾಲೀಕರ ಕಚೇರಿಯಲ್ಲಿ. ಏಜೆಂಟ್ ಪ್ರತಿ ಸೀಟಿಗೂ ಫೋನ್ ಮಾಡಬೇಕು. ಅವನ ಸಂಪರ್ಕದಲ್ಲಿರುವ ಮಾಲೀಕರು ಕೆಲವರೇ. ಒಂದು ಬಸ್ಸಿನಲ್ಲಿ ಸೀಟು ಖಾಲಿ ಹೋಗುತ್ತಿದ್ದರೆ, ಇನ್ನೊಂದು ಅಂಗಡಿಯಿಂದ ಪ್ರಯಾಣಿಕ ಬರಿಗೈಯಲ್ಲಿ ವಾಪಸ್ಸು. ಪೂರ್ತಿ ಚಿತ್ರ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಇದು ಮೊದಲನೆಯ ಪಾಠ. ತುಂಗಭದ್ರಾ ಕಾಲುವೆಯ ನೀರಿನ ಲೆಕ್ಕ ತೂಬಿನ ಹತ್ತಿರ ಚೆನ್ನಾಗಿಯೇ ಕಾಣುತ್ತದೆ. ನೀರು ಮುಟ್ಟಿತೋ ಇಲ್ಲವೋ ಎಂಬುದನ್ನು ಕೊನೆಯ ಹೊಲದ ರೈತನೇ ಹೇಳಬೇಕು. ಕಂಪನಿ ಕಟ್ಟುವವನೂ ಆ ಕೊನೆಯ ಹೊಲದ ತನಕ ನಡೆಯಬೇಕು.

ಫಣೀಂದ್ರ ಅವರ ಜೊತೆಗೆ ಪಿಲಾನಿಯ ಬಿಟ್ಸ್ ಕಾಲೇಜಿನ ಗೆಳೆಯರಾದ ಸುಧಾಕರ ಪಸುಪುನೂರಿ ಮತ್ತು ಚರಣ್ ಪದ್ಮರಾಜು ಸೇರಿದರು. ಬಸ್ ಮಾಲೀಕರಿಗೆಂದು ತಂತ್ರಾಂಶ ಬರೆದು, ಬಳಸಿ ನೋಡಿ ಎಂದರು. ಮಾಲೀಕರು ಒಪ್ಪಲಿಲ್ಲ. ತಪ್ಪೇನೂ ಇಲ್ಲ. ನಿನ್ನೆ ಬಂದ ಹುಡುಗರ ಕೈಗೆ ಇಡೀ ವ್ಯಾಪಾರದ ಲೆಕ್ಕ ಕೊಡುವವರು ಯಾರು?

ಆಗ ಅವರು ಕೇಳಿಕೆಯನ್ನೇ ಚಿಕ್ಕದು ಮಾಡಿದರು: ‘ತಂತ್ರಾಂಶ ಬೇಡ, ಕೆಲವು ಸೀಟು ಕೊಡಿ, ನಾವು ಮಾರಿಕೊಡುತ್ತೇವೆ.’ ಸೀಟು ಸಿಕ್ಕವು, ಮಾರಾಟವಾದವು. 2006ರಲ್ಲಿ ರೆಡ್‌ಬಸ್ ಶುರುವಾದದ್ದು ಹೀಗೆ. ನಂಬಿಕೆ ಬೆಳೆದ ಮೇಲೆ ಮಾಲೀಕರಿಗಾಗಿ ಇವರು ಮಾಡಿದ ತಂತ್ರಾಂಶವೂ ಬಳಕೆಗೆ ಬಂತು. ಎರಡನೆಯ ಪಾಠ ಇದೇ: ಮೊದಲು ನಂಬಿಕೆ, ಆಮೇಲೆ ಯಂತ್ರ.

ಮೂರನೆಯದು ದುಡ್ಡಿನ ಪಾಠ. ಇದನ್ನು ತಂದೆ ತಾಯಿಗಳು ಗಮನವಿಟ್ಟು ಕೇಳಬೇಕು. ಆರಂಭಕ್ಕೆ ಬಳಸಿದ್ದು ಗೆಳೆಯರ ಸ್ವಂತ ಉಳಿತಾಯ. ಅನುಭವಿ ಉದ್ಯಮಿಗಳ ಟೈ ಸಂಸ್ಥೆಯಿಂದ ಅವರಿಗೆ ಮಾರ್ಗದರ್ಶನ ಸಿಕ್ಕಿತು. ಸೀಡ್‌ಫಂಡ್ ಎಂಬ ಹೂಡಿಕೆ ಸಂಸ್ಥೆ ಹಣ ಹಾಕಿದ್ದು 2007ರಲ್ಲಿ, ಟಿಕೆಟ್ ಮಾರಾಟ ನಡೆದ ಮೇಲೆ. 2013ರಲ್ಲಿ ಐಬಿಬೊ ಸಮೂಹ ರೆಡ್‌ಬಸ್ಸನ್ನು ಕೊಂಡುಕೊಂಡಿತು. ಪತ್ರಿಕೆಗಳು ದಪ್ಪಕ್ಷರದಲ್ಲಿ ಬರೆದದ್ದು ಈ ಕೊನೆಯ ಸುದ್ದಿಯನ್ನು. ನಮ್ಮ ಮಕ್ಕಳು ಕಲಿಯಬೇಕಾದದ್ದು ಇರುವುದು ಮೊದಲ ಕೆಲವು ಸೀಟುಗಳಲ್ಲಿ.

ನಮ್ಮ ಜಿಲ್ಲೆಯಲ್ಲಿ ಇಂಥ ಕೆಲಸಕ್ಕೆ ಬರವಿಲ್ಲ. ಕುರುಗೋಡು, ಸಿರುಗುಪ್ಪದ ಮೆಣಸಿನಕಾಯಿ ಬ್ಯಾಡಗಿ ಮಾರುಕಟ್ಟೆಯ ತನಕ ಹೋಗುತ್ತದೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಘಟಕಗಳಿವೆ. ಮೆಣಸಿನಕಾಯಿಗೆ ಆ್ಯಪ್ ಮಾಡುತ್ತೇನೆನ್ನುವ ಹುಡುಗನಿಗೆ ನಾನು ಹೇಳುವುದಿಷ್ಟು: ಆ್ಯಪ್ ಆಮೇಲೆ. ಮೊದಲು ಐದು ಜನ ರೈತರ ಮಾಲನ್ನು ಒಂದು ನೋಟ್‌ಬುಕ್ಕು, ಒಂದು ಫೋನು ಇಟ್ಟುಕೊಂಡು ಮಾರಿಕೊಡು. ಲಾರಿ ಬಾಡಿಗೆ, ತೂಕ, ತೇವಾಂಶ, ಹಣ ಕೈಗೆ ಬರುವ ದಿನ, ಎಲ್ಲ ಬರೆದಿಡು. ಮುಂದಿನ ಸುಗ್ಗಿಗೆ ಅದೇ ಐದು ಜನ ತಾವಾಗಿ ಬಂದರೆ ನಿನ್ನ ಕಂಪನಿ ಹುಟ್ಟಿತು. ಬಾರದಿದ್ದರೆ ಕಳೆದದ್ದು ಒಂದು ಸುಗ್ಗಿ, ಹೊಲ ಉಳಿಯಿತು.

ಪಾಲಕರೇ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು. ಮಗನಿಗೂ ಮಗಳಿಗೂ ಒಂದು ವರ್ಷ ಕೊಡಿ, ಊಟ ಕೊಡಿ, ಮನೆಯಲ್ಲಿ ಒಂದು ಕೋಣೆ ಕೊಡಿ. ‘ಪಕ್ಕದ ಮನೆಯವನ ಸಂಬಳ ನೋಡು’ ಎಂಬ ಚುಚ್ಚುಮಾತು ಬೇಡ. ಎಷ್ಟು ಹಣ, ಯಾವ ತಾರೀಖಿನ ತನಕ ಎಂಬುದನ್ನು ಮೊದಲೇ ಕುಳಿತು ಬರೆದುಕೊಳ್ಳಿ. ಹೊಲದ ಪತ್ರ ಮಾತ್ರ ಪೆಟ್ಟಿಗೆಯಲ್ಲೇ ಇರಲಿ. ದುಡ್ಡು ಕೊಟ್ಟು ಕೊಂಡ ಗಿರಾಕಿ ಎರಡನೆಯ ಸಲ ಬಾಗಿಲಿಗೆ ಬರುವವರೆಗೂ ಅದು ಹೊರಗೆ ಬರಬಾರದು.